ಮಾಲ್‌ಗೆ ನೆಲ, ಬಡವನಿಗೆ ಬೀದಿ

2013ರ ಜನವರಿ 18, ಶುಕ್ರವಾರ. ಬೆಂಗಳೂರಿನ ಕೋರಮಂಗಲಕ್ಕೆ ಹೊಂದಿಕೊಂಡಿರುವ ಈಜಿಪುರದ ಬಡವರ ವಸತಿ ಪ್ರದೇಶಕ್ಕೆ ಅಂದು ಪೊಲೀಸರ ದಂಡು ಬಂದಿಳಿಯಿತು. ಹಿಂದೆಯೇ ಜೆಸಿಬಿ ಯಂತ್ರಗಳು ಬಂದವು. ನಾಲ್ಕು ದಿನಗಳೊಳಗೆ ಸಾವಿರಕ್ಕೂ ಹೆಚ್ಚು ಕುಟುಂಬಗಳ ತಗಡಿನ ಮನೆಗಳು ನೆಲಸಮವಾದವು. ಮಕ್ಕಳ ಪರೀಕ್ಷೆಗೆ ಎರಡು ತಿಂಗಳಷ್ಟೇ ಉಳಿದಿದ್ದವು. ಚಳಿಗಾಲದ ರಾತ್ರಿ ಬಾಣಂತಿಯರು, ವೃದ್ಧರು, ಶಾಲೆಯ ಮಕ್ಕಳು ಎಲ್ಲರೂ ರಸ್ತೆಯ ಬದಿಗೆ ಬಂದರು. ಪ್ರತಿಭಟಿಸಿದ ಮಹಿಳೆಯರನ್ನೂ ಅವರ ಜೊತೆ ನಿಂತ ಕಾರ್ಯಕರ್ತರನ್ನೂ ಪೊಲೀಸರು ವಾಹನಗಳಿಗೆ ತುಂಬಿದರು. ಹಾಗೆ ಬೀದಿಗೆ ಬಿದ್ದವರಲ್ಲಿ ದಲಿತರಿದ್ದರು, ಮುಸ್ಲಿಮರಿದ್ದರು, ಕ್ರೈಸ್ತರಿದ್ದರು. ಕನ್ನಡ, ತಮಿಳು, ಉರ್ದು ಮಾತನಾಡುವವರು ಒಂದೇ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತು ಬಾಳಿದವರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಆಟೋ ಓಡಿಸುವವರು, ನಗರದ ಕಸ ಗುಡಿಸುವವರು.

ಅವರನ್ನು ಅಲ್ಲಿಂದ ಎಬ್ಬಿಸಿದ್ದು ಅಣೆಕಟ್ಟಿಗಾಗಿ ಅಲ್ಲ, ಆಸ್ಪತ್ರೆಗಾಗಿಯೂ ಅಲ್ಲ. ಆ ನೆಲದ ಸುಮಾರು ಅರ್ಧ ಭಾಗದಲ್ಲಿ ಒಂದು ಶಾಪಿಂಗ್ ಮಾಲ್ ಬರಬೇಕಾಗಿತ್ತು.

ಈ ನೆಲದ ಹಿನ್ನೆಲೆಯನ್ನು ತಿಳಿಯದೆ ವಿಷಯ ಅರ್ಥವಾಗುವುದಿಲ್ಲ. ಆರ್ಥಿಕವಾಗಿ ದುರ್ಬಲ ವರ್ಗದವರಿಗಾಗಿ 1990ರ ದಶಕದ ಆರಂಭದಲ್ಲಿ ಬೆಂಗಳೂರು ನಗರಪಾಲಿಕೆ ಇಲ್ಲಿ 42 ಬ್ಲಾಕ್‌ಗಳಲ್ಲಿ 1,512 ಮನೆಗಳನ್ನು ಕಟ್ಟಿಸಿತು. ಸಾರ್ವಜನಿಕರ ಹಣದಿಂದ, ಸಾರ್ವಜನಿಕ ನೆಲದಲ್ಲಿ, ಬಡವರ ಹೆಸರಿನಲ್ಲಿ ಆದ ಕೆಲಸ ಅದು. ಆದರೆ ಕಾಮಗಾರಿ ಎಷ್ಟು ಕಳಪೆಯಾಗಿತ್ತೆಂದರೆ ಹದಿನೈದು ವರ್ಷ ತುಂಬುವ ಮೊದಲೇ ಕಟ್ಟಡಗಳು ಕುಸಿಯತೊಡಗಿದವು. ಉಳಿದವುಗಳನ್ನು ಅಪಾಯಕಾರಿ ಎಂದು ಪಾಲಿಕೆಯೇ ಕೆಡವಿಸಿತು. ನಿವಾಸಿಗಳಿಗೆ ಅಲ್ಲೇ ತಗಡಿನ ತಾತ್ಕಾಲಿಕ ಶೆಡ್‌ಗಳು ದೊರೆತವು. ಹೊಸ ಮನೆಯ ಭರವಸೆಯೂ ದೊರೆಯಿತು. ಗುತ್ತಿಗೆದಾರನ ಕಳಪೆ ಸಿಮೆಂಟಿಗೆ, ಅದಕ್ಕೆ ಸಹಿ ಹಾಕಿದ ಇಂಜಿನಿಯರನ ಕಣ್ಣುಮುಚ್ಚಾಲೆಗೆ ದಂಡ ತೆತ್ತವರು ಮಾತ್ರ ಆ ತಗಡಿನಡಿ ಬೇಸಿಗೆ ಮಳೆಗಳನ್ನು ಕಳೆದವರು.

ಮನೆ ಕುಸಿದರೆ ಮನೆ ಕಟ್ಟಬೇಕು, ಇದು ಸಾಮಾನ್ಯರ ತಿಳಿವಳಿಕೆ. ಪಾಲಿಕೆಯ ತಿಳಿವಳಿಕೆ ಬೇರೆಯಾಗಿತ್ತು. ಅದು ಮೇವರಿಕ್ ಹೋಲ್ಡಿಂಗ್ಸ್ ಎಂಬ ಸಂಸ್ಥೆಯ ಜೊತೆ ಸಾರ್ವಜನಿಕ-ಖಾಸಗಿ ಸಹಭಾಗಿತ್ವದ ಒಪ್ಪಂದ ಮಾಡಿಕೊಂಡಿತು. ಪಾಲಿಕೆಯದೇ ಭೂಮಿಯಲ್ಲಿ ಮ್ಯಾಗ್ರತ್ ರಸ್ತೆಯ ಗರುಡಾ ಮಾಲ್ ಅನ್ನು ಎಬ್ಬಿಸಿದ್ದ ಸಂಸ್ಥೆಯೂ ಇದೇ. ಅದರ ಮುಖ್ಯಸ್ಥ ಉದಯ್ ಗರುಡಾಚಾರ್ ಮುಂದೆ 2018ರಲ್ಲಿಯೂ 2023ರಲ್ಲಿಯೂ ಚಿಕ್ಕಪೇಟೆಯಿಂದ ಬಿಜೆಪಿ ಶಾಸಕರಾಗಿ ಆಯ್ಕೆಯಾದರು. ಈಜಿಪುರದ 15.64 ಎಕರೆಯಲ್ಲಿ ಸುಮಾರು ಅರ್ಧ ಭಾಗದಲ್ಲಿ ಸಂಸ್ಥೆ ಬಡವರಿಗೆ ಬಹುಮಹಡಿ ಮನೆಗಳನ್ನು ಕಟ್ಟಿಕೊಡಬೇಕು, ಇನ್ನರ್ಧದಲ್ಲಿ ತನ್ನ ವಾಣಿಜ್ಯ ಸಮುಚ್ಚಯವನ್ನು ಕಟ್ಟಿ ಲಾಭ ಗಳಿಸಬಹುದು ಎಂಬುದು ಒಪ್ಪಂದದ ತಿರುಳು. ಎಂದರೆ 1,512 ಕುಟುಂಬಗಳು ಹರಡಿಕೊಂಡಿದ್ದ ನೆಲದಲ್ಲಿ ಅವರನ್ನು ಒಂದು ಮೂಲೆಗೆ ಒತ್ತಿ ಪೇರಿಸುವುದು, ತೆರವಾದ ಮೂಲೆಯನ್ನು ಮಾಲ್‌ಗೆ ಬಿಟ್ಟುಕೊಡುವುದು.

"ಇದರಲ್ಲಿ ತಪ್ಪೇನಿದೆ? ಸರಕಾರದ ಬಳಿ ಹಣವಿಲ್ಲ. ಖಾಸಗಿಯವರು ಬಡವರಿಗೆ ಪುಕ್ಕಟೆ ಮನೆ ಕಟ್ಟಿಕೊಡುತ್ತಾರೆ, ಸರಕಾರದ ಬೊಕ್ಕಸದಿಂದ ಒಂದು ಪೈಸೆಯೂ ಹೋಗುವುದಿಲ್ಲ" ಎಂದು ವಾದಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಕೇಳುವುದಕ್ಕೆ ಬಹಳ ಇಂಪಾದ ವಾದ. ಆದರೆ ಕೋರಮಂಗಲದ ಪಕ್ಕದಲ್ಲಿ ಏಳೆಂಟು ಎಕರೆ ನೆಲ ಎಂದರೆ ಅದು ಹಣವಲ್ಲವೇ? ಬೊಕ್ಕಸದಿಂದ ನಗದನ್ನು ಎಣಿಸಿ ಕೊಟ್ಟರೆ ಅದನ್ನು ಸಬ್ಸಿಡಿ ಎನ್ನುತ್ತೇವೆ. ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತದೆ, ಲೆಕ್ಕಪರಿಶೋಧಕರು ಟಿಪ್ಪಣಿ ಬರೆಯುತ್ತಾರೆ. ಅದೇ ಮೊತ್ತವನ್ನು ನೆಲದ ರೂಪದಲ್ಲಿ ದಶಕಗಳ ಗುತ್ತಿಗೆಗೆ ಕೊಟ್ಟರೆ ಸಹಭಾಗಿತ್ವ ಎನ್ನುತ್ತೇವೆ. ಬಡವನ ಪಡಿತರದ ಅಕ್ಕಿಗೆ ಕಿಲೋಗೆ ಇಷ್ಟು ಎಂದು ಲೆಕ್ಕ ಹಾಕಿ "ಬಿಟ್ಟಿ ಭಾಗ್ಯ" ಎಂದು ಮೂದಲಿಸುವ ಲೇಖನಿಗಳಿಗೆ ಈ ಬಿಟ್ಟಿ ನೆಲ ಏಕೆ ಕಾಣಿಸುವುದಿಲ್ಲ?

ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಎಂಬ ಗಾದೆ ನಮ್ಮಲ್ಲಿದೆ. ಮಾಲ್‌ಗಳ ವಿಷಯದಲ್ಲಿ ಈ ಜಾತ್ರೆ ನೆಲಕ್ಕೆ ಮಾತ್ರ ಸೀಮಿತವಲ್ಲ. ನೆಲದ ಜೊತೆಗೆ ಅದರ ಮೇಲೆ ಎಷ್ಟು ಮಹಡಿ ಏರಿಸಬಹುದೆಂಬ ನಿಯಮದಲ್ಲಿ ಸಡಿಲಿಕೆ ಸಿಗುತ್ತದೆ. ಮುಂದಿನ ರಸ್ತೆಯನ್ನು ಸರಕಾರ ಅಗಲ ಮಾಡುತ್ತದೆ. ಸಂಚಾರ ದಟ್ಟಣೆ ಹೆಚ್ಚಿತೆಂದು ಮೇಲ್ಸೇತುವೆ ಕಟ್ಟುತ್ತದೆ. ಚರಂಡಿ, ನೀರು, ವಿದ್ಯುತ್ ಉಪಕೇಂದ್ರಗಳಿಗೆ ಹಣ ಹಾಕುವುದು ಜನರ ತೆರಿಗೆಯೇ. ಬೀಡಿ ಕಟ್ಟುವ ಹೆಂಗಸು ಕೊಳ್ಳುವ ಸೋಪಿನ ಮೇಲಿನ ತೆರಿಗೆಯೂ ಅದರಲ್ಲಿ ಸೇರಿದೆ ಎಂಬುದನ್ನು ನಾವು ಮರೆಯುತ್ತೇವೆ. ತೆರಿಗೆ ಕಟ್ಟುವವರೆಂದರೆ ಆದಾಯ ತೆರಿಗೆ ಕಟ್ಟುವವರು ಮಾತ್ರ ಎಂಬ ಭ್ರಮೆಯನ್ನು ಮಧ್ಯಮ ವರ್ಗ ಬಹಳ ಅಕ್ಕರೆಯಿಂದ ಸಾಕಿಕೊಂಡಿದೆ.

2005ರ ವಿಶೇಷ ಆರ್ಥಿಕ ವಲಯ ಕಾಯ್ದೆಯನ್ನೂ ಇಲ್ಲಿ ನೆನಪಿಸಿಕೊಳ್ಳಬೇಕು. ರಫ್ತು ಹೆಚ್ಚಿಸುವ ಹೆಸರಿನಲ್ಲಿ ಬಂದ ಈ ಕಾಯ್ದೆ ವಲಯದ ಘಟಕಗಳಿಗೆ ರಫ್ತು ಲಾಭದ ಮೇಲೆ ಮೊದಲ ಐದು ವರ್ಷ ಸಂಪೂರ್ಣವಾಗಿ, ನಂತರದ ಐದು ವರ್ಷ ಅರ್ಧದಷ್ಟು ಆದಾಯ ತೆರಿಗೆ ವಿನಾಯಿತಿ ನೀಡಿತು. ವಲಯವನ್ನು ಕಟ್ಟುವ ಕಂಪೆನಿಗೂ ತೆರಿಗೆ ರಜೆ ದೊರೆಯಿತು. ಇಡೀ ನೆಲ ಕಾರ್ಖಾನೆಗಳಿಗೇ ಮೀಸಲೆಂದು ಭಾವಿಸಿದವರಿಗೆ ನಿಯಮಾವಳಿ ಬೇರೆಯದನ್ನು ಹೇಳಿತು. ಒಂದು ದೊಡ್ಡ ಪಾಲನ್ನು ಉತ್ಪಾದನೆಗೆ ಹೊರತಾದ ಭಾಗವೆಂದು ಗುರುತಿಸಿ ಅಲ್ಲಿ ವಸತಿ ಸಮುಚ್ಚಯ, ಹೋಟೆಲು, ಮಳಿಗೆಗಳನ್ನು ಕಟ್ಟಲು ಅದು ಅವಕಾಶ ನೀಡಿತು. ರೈತರ ನೆಲದ ಮೇಲೆ ತೆರಿಗೆ ರಿಯಾಯಿತಿಯ ನೆರಳಿನಲ್ಲಿ ಪೇಟೆ ಬೆಳೆಸುವ ಹುನ್ನಾರ ಇದು ಎಂದು ದೇಶದಾದ್ಯಂತ ಪ್ರತಿಭಟನೆ ನಡೆಯಿತು. ಆ ಆದಾಯ ತೆರಿಗೆ ರಿಯಾಯಿತಿ ಹೊಸ ಘಟಕಗಳಿಗೆ ಈಗ ಇಲ್ಲ. ಆದರೆ ಹೋದ ನೆಲ ಹಿಂದಿರುಗಲಿಲ್ಲ.

ಇನ್ನು ಕಾನೂನು. ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆಯ ಸ್ಥಾನದಲ್ಲಿ ಬಂದ 2013ರ ಕಾಯ್ದೆ 2014ರ ಜನವರಿ 1ರಂದು ಜಾರಿಯಾಯಿತು. ಖಾಸಗಿ ಕಂಪೆನಿಗಾಗಿ ಸರಕಾರ ಭೂಮಿ ವಶಪಡಿಸಿಕೊಳ್ಳುವುದಾದರೆ ಶೇಕಡಾ 80ರಷ್ಟು, ಸಹಭಾಗಿತ್ವದ ಯೋಜನೆಯಾದರೆ ಶೇಕಡಾ 70ರಷ್ಟು ಭೂಮಾಲಕರ ಒಪ್ಪಿಗೆ ಬೇಕು ಎಂದಿತು. ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯ ಮಾಡಿತು. ಎಲ್ಲಕ್ಕಿಂತ ಮುಖ್ಯವಾಗಿ, ನೆಲದ ಒಡೆಯನನ್ನು ಮಾತ್ರವಲ್ಲ, ಆ ನೆಲದಲ್ಲಿ ಮೂರು ವರ್ಷಗಳಿಂದ ವಾಸಿಸುತ್ತಿರುವ ಅಥವಾ ಅದನ್ನೇ ನಂಬಿ ದುಡಿಯುತ್ತಿರುವ ಬಾಡಿಗೆದಾರನನ್ನೂ ಕುಶಲಕರ್ಮಿಯನ್ನೂ ಬಾಧಿತ ಕುಟುಂಬ ಎಂದು ಗುರುತಿಸಿತು. ಇದು ಸಣ್ಣ ಸಾಧನೆಯಲ್ಲ. 2019ರಲ್ಲಿ ಕರ್ನಾಟಕ ತನ್ನದೇ ತಿದ್ದುಪಡಿ ತಂದು ಹಲವು ಬಗೆಯ ಯೋಜನೆಗಳನ್ನು ಪರಿಣಾಮ ಅಧ್ಯಯನದಿಂದ ಪಾರು ಮಾಡಿದ್ದು ಬೇರೆ ಮಾತು.

ಆದರೆ ಈಜಿಪುರದಂಥ ಕಡೆ ಈ ಕಾಯ್ದೆ ಬಾಗಿಲಲ್ಲೇ ನಿಂತುಬಿಡುತ್ತದೆ. ಏಕೆಂದರೆ ಅಲ್ಲಿ ಸರಕಾರ ಯಾರ ಭೂಮಿಯನ್ನೂ ವಶಪಡಿಸಿಕೊಳ್ಳುತ್ತಿಲ್ಲ, ಭೂಮಿ ಮೊದಲೇ ಅದರದು. ಸ್ವಾಧೀನವೇ ಇಲ್ಲದ ಮೇಲೆ ಒಪ್ಪಿಗೆಯ ಪ್ರಶ್ನೆ ಎಲ್ಲಿಂದ ಬರಬೇಕು? ಪರಿಹಾರ ಎಲ್ಲಿಂದ ಬರಬೇಕು? ಅಲ್ಲಿರುವವನು ಬಾಧಿತನಲ್ಲ, ಅಕ್ರಮ ನಿವಾಸಿ. ಈಜಿಪುರದಲ್ಲಿ ಪಾಲಿಕೆ ಮಾಡಿದ್ದೂ ಇದನ್ನೇ. ಮೂಲ ಹಂಚಿಕೆದಾರರು ಯಾರು, ಬಾಡಿಗೆದಾರರು ಯಾರು ಎಂದು ಗೆರೆ ಎಳೆಯಿತು. ಶೆಡ್‌ಗಳಲ್ಲಿದ್ದವರಲ್ಲಿ ಹೆಚ್ಚಿನವರು ಮೂಲ ಹಂಚಿಕೆದಾರರಲ್ಲ, ತೆರವಿಗೆ ನ್ಯಾಯಾಲಯದ ಆದೇಶವೂ ಇದೆ ಎಂದು ಹೇಳಿ ಕೈತೊಳೆದುಕೊಂಡಿತು. ಬಾಡಿಗೆಗೆ ಬಂದವನು ಬಡವನಲ್ಲವೇ? ಹತ್ತಾರು ವರ್ಷ ಅಲ್ಲಿ ಬಾಡಿಗೆ ಕಟ್ಟಿ, ಮತ ಹಾಕಿ, ಪಡಿತರ ಪಡೆದು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿದವನು ಮಾಲ್‌ನ ನಕ್ಷೆ ತಯಾರಾದ ದಿನ ಇದ್ದಕ್ಕಿದ್ದಂತೆ ಅಕ್ರಮಿಯಾಗುವುದು ಹೇಗೆ? ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗ ಎಂದು ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು 1985ರಲ್ಲೇ ಹೇಳಿತ್ತು. ಅದೇ ತೀರ್ಪು ಮಳೆಗಾಲ ಕಳೆದ ಮೇಲೆ ಅವರನ್ನು ತೆರವುಗೊಳಿಸಲು ಅನುಮತಿಯನ್ನೂ ನೀಡಿತ್ತು. ಆಡಳಿತಗಾರರು ತೀರ್ಪಿನ ಮೊದಲರ್ಧವನ್ನು ಭಾಷಣಕ್ಕೆ ಇಟ್ಟುಕೊಂಡರು, ಎರಡನೆಯದನ್ನು ಜಾರಿಗೆ ತಂದರು.

ತೆರವಾದವರ ಪೈಕಿ ಕೆಲವರಿಗೆ ನಗರದ ಹೊರಗೆ, ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಯಲ್ಲಿ ಮನೆ ತೋರಿಸಲಾಯಿತು. ಕೋರಮಂಗಲದ ಮೂರು ಮನೆಗಳಲ್ಲಿ ಕೆಲಸ ಮಾಡುವ ಹೆಂಗಸಿಗೆ ಸೂಲಿಕುಂಟೆಯ ಮನೆ ಎಂದರೆ ಬೆಳಗಿನ ಕೆಲಸ ಹೋಯಿತು ಎಂದೇ ಅರ್ಥ. ಹಲವು ಕುಟುಂಬಗಳು ಹೋಗಲಿಲ್ಲ. ತಮ್ಮ ಹಳೆಯ ಮನೆಯ ಜಾಗವನ್ನು ಸುತ್ತುವರಿದ ಗೋಡೆಗೇ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಫುಟ್‌ಪಾತ್‌ನಲ್ಲಿ ವರ್ಷಗಟ್ಟಲೆ ಬದುಕಿದವು. ಗೋಡೆಯ ಆಚೆ ಏನಿತ್ತು? ಮಾಲೂ ಇಲ್ಲ, ಮನೆಗಳೂ ಇಲ್ಲ. ತುರ್ತಾಗಿ ಖಾಲಿ ಮಾಡಿಸಿದ ಆ ನೆಲ ವರ್ಷಗಟ್ಟಲೆ ಪಾಳು ಬಿದ್ದಿತ್ತು. ತೆರವಿನ ವೇಳೆ ಜಗದೀಶ್ ಶೆಟ್ಟರ್ ಅವರ ಬಿಜೆಪಿ ಸರಕಾರವಿತ್ತು. ನಾಲ್ಕು ತಿಂಗಳಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂತು. ಮುಸ್ಲಿಮರ, ದಲಿತರ ಮತಗಳಿಂದ ಗೆದ್ದ ಆ ಪಕ್ಷಕ್ಕೂ ಆ ಗೋಡೆಯ ಹೊರಗಿನ ಪ್ಲಾಸ್ಟಿಕ್ ಹಾಳೆಗಳು ಕಾಣಿಸಲಿಲ್ಲ. ನೆಲದ ವಿಷಯದಲ್ಲಿ ಪಕ್ಷಗಳ ನಡುವೆ ಇರುವ ಸೌಹಾರ್ದ ಬೇರೆ ಯಾವ ವಿಷಯದಲ್ಲೂ ಕಾಣಸಿಗದು.

ಇದು ನಮ್ಮ ದೇಶದ ರೋಗ ಮಾತ್ರವೆಂದು ಭಾವಿಸಬೇಕಾಗಿಲ್ಲ. ಖಾಸಗಿ ಆಸ್ತಿ ಪವಿತ್ರ ಎಂದು ಜಗತ್ತಿಗೆ ಬೋಧಿಸುವ ಅಮೆರಿಕದಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಪಟ್ಟಣವಿದೆ. ಅಲ್ಲಿ ಫೈಝರ್ ಔಷಧ ಕಂಪೆನಿಯ ಸಂಶೋಧನಾ ಕೇಂದ್ರದ ಪಕ್ಕದಲ್ಲಿದ್ದ ಬಡಾವಣೆಯೊಂದನ್ನು ಎಬ್ಬಿಸಿ ಹೋಟೆಲು, ಕಚೇರಿ, ಅಂಗಡಿಗಳನ್ನು ಕಟ್ಟಲು ನಗರಾಡಳಿತ ಹೊರಟಿತು. ತೆರಿಗೆ ಆದಾಯ ಹೆಚ್ಚುತ್ತದೆ, ಕೆಲಸಗಳು ಬರುತ್ತವೆ ಎಂಬುದು ಅದರ ಸಮರ್ಥನೆ. ಸೂಸೆಟ್ ಕೀಲೋ ಎಂಬ ದಾದಿ ಮತ್ತು ಕೆಲವು ನೆರೆಯವರು ಮನೆ ಬಿಡಲು ಒಪ್ಪದೆ ಸುಪ್ರೀಮ್ ಕೋರ್ಟಿನ ತನಕ ಹೋದರು. 2005ರ ಜೂನ್‌ನಲ್ಲಿ ಐವರು ನ್ಯಾಯಾಧೀಶರು ನಗರಾಡಳಿತದ ಪರ, ನಾಲ್ವರು ನಿವಾಸಿಗಳ ಪರ ನಿಂತರು. ಕೀಲೋ ಸೋತರು. ಮನೆಗಳು ಹೋದವು. 2009ರಲ್ಲಿ ಫೈಝರ್ ಆ ಊರನ್ನೇ ಬಿಡುವುದಾಗಿ ಪ್ರಕಟಿಸಿತು. ಹೋಟೆಲೂ ಬರಲಿಲ್ಲ, ಅಂಗಡಿಯೂ ಬರಲಿಲ್ಲ, ಆ ನೆಲದಲ್ಲಿ ವರ್ಷಗಟ್ಟಲೆ ಹುಲ್ಲು ಬೆಳೆಯಿತು. ಆದರೆ ಆ ತೀರ್ಪಿನ ಬಳಿಕ ಜನರ ಆಕ್ರೋಶಕ್ಕೆ ಮಣಿದು ನಲವತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಸ್ವಾಧೀನಕ್ಕೆ ಒಂದಲ್ಲ ಒಂದು ಬಗೆಯ ಕಡಿವಾಣ ಹಾಕಿದವು. ನಮ್ಮಲ್ಲಿ 2013ರ ಭೂಸ್ವಾಧೀನ ಕಾಯ್ದೆ ಬಂದರೂ ಈಜಿಪುರದಂಥ ತೆರವನ್ನು ಅದು ಮುಟ್ಟಲಿಲ್ಲ.

ಮನೆ ಹೋದದ್ದನ್ನಾದರೂ ಜನ ಗುರುತಿಸುತ್ತಾರೆ. ಅಂಗಡಿ ಹೋದದ್ದು ಲೆಕ್ಕಕ್ಕೇ ಬರುವುದಿಲ್ಲ. ಮಂಗಳೂರಿನ ಕೇಂದ್ರ ಮಾರುಕಟ್ಟೆಯನ್ನು ನೋಡಿ. 2020ರ ಏಪ್ರಿಲ್‌ನಲ್ಲಿ, ಕೊರೋನಾ ದಿಗ್ಬಂಧನದಿಂದ ಯಾರೂ ಬೀದಿಗಿಳಿದು ಪ್ರತಿಭಟಿಸಲಾಗದ ದಿನಗಳಲ್ಲಿ ಅದನ್ನು ಮುಚ್ಚಲಾಯಿತು. ಸಗಟು ವ್ಯಾಪಾರವನ್ನು ಬೈಕಂಪಾಡಿಯ ಎಪಿಎಂಸಿ ಪ್ರಾಂಗಣಕ್ಕೆ ಅಟ್ಟಲಾಯಿತು. ಕಟ್ಟಡ ಶಿಥಿಲವಾಗಿದೆ ಎಂಬುದು ಕಾರಣ. ವ್ಯಾಪಾರಿಗಳು ಹೈಕೋರ್ಟಿಗೆ ಹೋದರು. ಕೊನೆಗೆ ಹಳೆಯ ಕಟ್ಟಡ ಉರುಳಿತು. ಸ್ಮಾರ್ಟ್ ಸಿಟಿ ಯೋಜನೆಯಡಿ ಖಾಸಗಿ ಸಹಭಾಗಿತ್ವದಲ್ಲಿ ಹೊಸ ಸಮುಚ್ಚಯದ ಕೆಲಸ ಆರಂಭವಾಯಿತು. ಹಳೆಯ ಕಟ್ಟಡ ದುರಸ್ತಿ ಬೇಡುತ್ತಿತ್ತು ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ತರಕಾರಿ, ಮೀನು, ಮಾಂಸ, ಒಣಮೆಣಸು ಮಾರುವವನ ನಿಜವಾದ ಬಂಡವಾಳ ಅವನ ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ. ಇಪ್ಪತ್ತು ವರ್ಷದಿಂದ ಅದೇ ಮೂಲೆಗೆ ಬರುವ ಗಿರಾಕಿ, ಉದ್ರಿ ಕೊಡುವ ಸಗಟು ವ್ಯಾಪಾರಿ, ಪಕ್ಕದ ಅಂಗಡಿಯವನ ನಂಬಿಕೆ, ಇವೇ ಅವನ ಬಂಡವಾಳ. ಇದನ್ನು ಲಾರಿಗೆ ಹೇರಿ ಬೈಕಂಪಾಡಿಗೆ ಸಾಗಿಸಲು ಬರುವುದಿಲ್ಲ. ಹೊಸ ಕಟ್ಟಡದಲ್ಲಿ ಮಳಿಗೆ ಕೊಡುತ್ತೇವೆ ಎಂದರೂ ಅಲ್ಲಿಯವರೆಗಿನ ಮೂರು ನಾಲ್ಕು ವರ್ಷ ಅವನು ತಿನ್ನುವುದೇನು?

ಸಿರವಾರದಲ್ಲೋ ಮಾನ್ವಿಯಲ್ಲೋ ಕುಳಿತು ಇದನ್ನು ಓದುವವರು "ನಮಗೂ ಮಾಲ್‌ಗೂ ಏನು ಸಂಬಂಧ?" ಎಂದು ಕೇಳಬಹುದು. ಮೊದಲ ಸಂಬಂಧ ಗುಳೆಯದು. ದೇವದುರ್ಗ, ಸಿರವಾರ, ಮಾನ್ವಿಯ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಬಸ್ಸು ಹತ್ತುವ ಕೂಲಿಕಾರರು ಬೆಂಗಳೂರಿನಲ್ಲಿ ಇಳಿಯುವುದು ಇಂಥ ಕಟ್ಟಡಗಳ ಬುಡದಲ್ಲೇ. ಕಾಂಕ್ರೀಟು ಹೊತ್ತು ಮಾಲ್ ಎಬ್ಬಿಸುವವರು ಅವರು, ಮಲಗುವುದು ತಗಡಿನ ಶೆಡ್‌ನಲ್ಲಿ. ಕಟ್ಟಡ ಮುಗಿದ ದಿನ ಅದರ ಕಾವಲುಗಾರ ಅವರನ್ನು ಒಳಗೆ ಬಿಡುವುದಿಲ್ಲ.

ಎರಡನೆಯ ಸಂಬಂಧ ಇನ್ನೂ ಹತ್ತಿರದ್ದು. ಸಿರವಾರ 2018ರ ಹೊತ್ತಿಗೆ ಹೊಸ ತಾಲ್ಲೂಕು ಕೇಂದ್ರವಾಯಿತು. ಬಹುಕಾಲದ ಬೇಡಿಕೆ ಈಡೇರಿದ್ದು ಸಂತೋಷವೇ. ಆದರೆ ತಾಲ್ಲೂಕು ಎಂದರೆ ಕಚೇರಿ, ಕಚೇರಿ ಎಂದರೆ ಜನಸಂಚಾರ, ಜನಸಂಚಾರ ಎಂದರೆ ರಸ್ತೆ ಬದಿಯ ನೆಲಕ್ಕೆ ಚಿನ್ನದ ಬೆಲೆ. ಇಂಥ ಊರುಗಳಲ್ಲಿ ಮಾಲ್ ಎಂಬ ಹೆಸರು ಬರುವುದಿಲ್ಲ, ವಾಣಿಜ್ಯ ಸಂಕೀರ್ಣ ಎಂಬ ಹೆಸರು ಬರುತ್ತದೆ. ಮೊದಲು ರಸ್ತೆ ಅಗಲೀಕರಣ, ಬಳಿಕ ಗೂಡಂಗಡಿಗಳ ತೆರವು, ಆಮೇಲೆ ಅದೇ ಜಾಗದಲ್ಲಿ ಸರಕಾರದ ಅನುದಾನದಿಂದ ಎರಡು ಮಹಡಿಯ ಸಂಕೀರ್ಣ, ಕೊನೆಗೆ ಮಳಿಗೆಗಳ ಬಹಿರಂಗ ಹರಾಜು. ಹರಾಜು ಎಂದರೆ ನ್ಯಾಯಸಮ್ಮತ ಎಂದು ತೋರುತ್ತದೆ. ಆದರೆ ಲಕ್ಷಗಟ್ಟಲೆ ಮುಂಗಡ ಠೇವಣಿ ಇಡುವ ಚಿನ್ನದ ವ್ಯಾಪಾರಿ, ಮೊಬೈಲ್ ಶೋರೂಮಿನವನ ಎದುರು ಪಂಕ್ಚರ್ ಅಂಗಡಿಯವನು ಎಷ್ಟು ಕೂಗಬಲ್ಲ? ಜಾಗವನ್ನು ಜನಸಂಚಾರದ ಜಾಗವನ್ನಾಗಿ ಮಾಡಿದವನು ಅವನು, ಅದರ ಬೆಲೆ ಏರಿದ ದಿನ ಹೊರಗುಳಿಯುವವನೂ ಅವನೇ. ವೆಲ್ಡಿಂಗ್, ಟೈಲರಿಂಗ್, ಗುಜರಿ, ಗ್ಯಾರೇಜು, ಹಣ್ಣಿನ ಬಂಡಿ, ಮಾಂಸದ ಅಂಗಡಿ ಇವುಗಳನ್ನೇ ನೆಚ್ಚಿದ ಮುಸ್ಲಿಮ್ ಕುಟುಂಬಗಳು ನಮ್ಮ ಪಟ್ಟಣಗಳಲ್ಲಿ ಎಷ್ಟಿವೆ ಎಂದು ಬೇರೆ ಹೇಳಬೇಕಾಗಿಲ್ಲ. ಅವರ ಪಕ್ಕದಲ್ಲೇ ಚಪ್ಪಲಿ ಹೊಲಿಯುವ, ಬುಟ್ಟಿ ಹೆಣೆಯುವ, ಹೂ ಮಾರುವ ಇತರ ಬಡವರೂ ಇದ್ದಾರೆ. ಇದನ್ನು ಒಂದು ಸಮುದಾಯದ ದೂರು ಎಂದು ಮಂಡಿಸಿದರೆ ನ್ಯಾಯದ ಪ್ರಶ್ನೆ ಕೋಮಿನ ಪ್ರಶ್ನೆಯಾಗಿ ಮಾರ್ಪಡುತ್ತದೆ. ಅದರಿಂದ ಲಾಭವಾಗುವುದು ಸಂಕೀರ್ಣದ ಗುತ್ತಿಗೆದಾರನಿಗೆ.

ನಮ್ಮೊಳಗೂ ಒಮ್ಮೆ ನೋಡಿಕೊಳ್ಳೋಣ. ಗುತ್ತಿಗೆದಾರರು, ಬಿಲ್ಡರ್‌ಗಳು ನಮ್ಮ ಸಮುದಾಯದಲ್ಲಿ ಇಲ್ಲವೇ? ಬಾಡಿಗೆದಾರರನ್ನು ರಾತ್ರೋರಾತ್ರಿ ಎಬ್ಬಿಸಿ ಸಂಕೀರ್ಣ ಕಟ್ಟಿ, ಉದ್ಘಾಟನೆಗೆ ಉಲಮಾಗಳನ್ನು ಕರೆಸಿ ದುಆ ಮಾಡಿಸುವವರು ಇಲ್ಲವೇ? ಮದೀನದಲ್ಲಿ ಮಸೀದಿ ಕಟ್ಟಲು ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಅದನ್ನು ಉಚಿತವಾಗಿ ನೀಡುವ ಮಾತು ಬಂದಾಗಲೂ ಪ್ರವಾದಿ(ಸ) ಒಪ್ಪದೆ ಬೆಲೆ ಕೊಟ್ಟೇ ಪಡೆದರು. ಮಸೀದಿಗೇ ಈ ನಿಯಮವಿರುವಾಗ ಮಳಿಗೆಗೆ ಬೇರೆ ನಿಯಮ ಎಲ್ಲಿಂದ ಬಂತು?

ಅಭಿವೃದ್ಧಿಯನ್ನು ವಿರೋಧಿಸುವವರು ಎಂಬ ಹಣೆಪಟ್ಟಿ ಈಗ ಬರುತ್ತದೆ. ಊರಿಗೆ ಒಳ್ಳೆಯ ಮಾರುಕಟ್ಟೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಹೆಂಗಸರಿಗೆ ಶೌಚಾಲಯವಿರುವ, ಮಳೆಗೆ ಸೋರದ, ಬೆಂಕಿ ಬಿದ್ದರೆ ಹೊರಗೋಡಲು ದಾರಿಯಿರುವ ಮಾರುಕಟ್ಟೆ ಖಂಡಿತ ಬೇಕು. ಸ್ವಂತ ಹಣದಿಂದ ಸ್ವಂತ ನೆಲ ಕೊಂಡು ಮಾಲ್ ಕಟ್ಟುವವನ ಮೇಲೂ ನಮಗೆ ಜಗಳವಿಲ್ಲ. ನಮ್ಮ ಜಗಳ ಜನರ ನೆಲ, ಜನರ ತೆರಿಗೆಯನ್ನು ಒಬ್ಬನ ಲಾಭಕ್ಕೆ ಸುರಿದು, ಆ ಜನರನ್ನೇ ಅಲ್ಲಿಂದ ಓಡಿಸುವುದರ ಬಗ್ಗೆ. ಹೊಸ ಕಟ್ಟಡದ ಮೊದಲ ಹಕ್ಕು ಹಳೆಯ ಅಂಗಡಿಯವನದಾಗಲಿ, ಹಳೆಯ ಬಾಡಿಗೆಗೆ ಹೊಂದುವ ದರದಲ್ಲಿ. ಕಟ್ಟುವ ಅವಧಿಯಲ್ಲಿ ಅದೇ ಬೀದಿಯಲ್ಲಿ ಪರ್ಯಾಯ ಜಾಗ ಕೊಡಲಿ. ಮನೆಯಾದರೆ ಮೊದಲು ಹೊಸ ಮನೆಯ ಬೀಗದ ಕೈ, ಆಮೇಲೆ ಹಳೆಯ ಮನೆಗೆ ಜೆಸಿಬಿ. ಈ ಕ್ರಮವನ್ನು ತಿರುವುಮುರುವು ಮಾಡಿದ್ದೇ ಈಜಿಪುರದ ದುರಂತ.

ನೋಟೀಸು ಬಂದ ಮೇಲೆ ಓಡಾಡುವುದು ನಮ್ಮ ಅಭ್ಯಾಸ. ಅಷ್ಟು ಹೊತ್ತಿಗೆ ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಎಲ್ಲ ವ್ಯಾಪಾರಿಗಳಿಗೆ ಪ್ರಮಾಣಪತ್ರ ದೊರೆಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನಗಳ ನೋಟೀಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳಿಂದಲೇ ಚುನಾಯಿತರಾಗಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಿಮ್ಮ ಪಟ್ಟಣದಲ್ಲಿ ಆ ಸಮಿತಿ ರಚನೆಯಾಗಿದೆಯೇ? ಅದರ ಸದಸ್ಯರು ಯಾರು? ಕೊನೆಯ ಸಭೆ ಎಂದು ನಡೆಯಿತು? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿಯ ಅರ್ಜಿಯಲ್ಲಿ ಇದನ್ನು ಕೇಳಬಹುದು. 30 ದಿನಗಳಲ್ಲಿ ಉತ್ತರ ಕೊಡಬೇಕಾದುದು ಅಧಿಕಾರಿಯ ಕರ್ತವ್ಯ. ಸಂಕೀರ್ಣದ ಮಾತು ಊರಿನಲ್ಲಿ ಕೇಳಿಬಂದಿದ್ದರೆ ಅದರ ಯೋಜನಾ ವರದಿ, ಕರಡು ಒಪ್ಪಂದ, ನೆಲದ ಗುತ್ತಿಗೆಯ ಅವಧಿ ಮತ್ತು ದರ ಇವುಗಳನ್ನೂ ಪ್ರತ್ಯೇಕ ಅರ್ಜಿಯಲ್ಲಿ ಕೇಳಿ. ವ್ಯಾಪಾರದ ಗುಟ್ಟು ಎಂದು ನಿರಾಕರಿಸಿದರೆ ಸುಮ್ಮನಾಗಬೇಡಿ, ಸಾರ್ವಜನಿಕ ಹಿತಾಸಕ್ತಿ ದೊಡ್ಡದಾಗಿದ್ದಾಗ ಆ ಗುಟ್ಟನ್ನೂ ಬಿಟ್ಟುಕೊಡಬೇಕೆಂದು ಅದೇ ಕಾಯ್ದೆಯ ಎಂಟನೆಯ ಸೆಕ್ಷನ್ ಹೇಳುತ್ತದೆ. ಜಮಾಅತ್‌ನ ಯುವಕರು ಜುಮಾದ ನಂತರ ಅರ್ಧ ಗಂಟೆ ಕುಳಿತರೆ ಬರೆದು ಮುಗಿಸಬಹುದಾದ ಅರ್ಜಿಗಳು ಇವು. ಬರೆಯುವಾಗ ಪಕ್ಕದ ಹೂವಿನಂಗಡಿಯವರನ್ನೂ ಚಪ್ಪಲಿ ಹೊಲಿಯುವವರನ್ನೂ ಕರೆದು ಕೂರಿಸಿಕೊಳ್ಳಿ, ಅವರ ಸಹಿಯೂ ಅವುಗಳಲ್ಲಿರಲಿ.